ಕುಣಿಮಗ್ಗದಿಂದ ಫ್ಯಾನ್‌ಗಾಡಿಗೆ

ಪ್ರತಿಮಾಳ ಕಾಲು ಮುರಿದದ್ದು ಆಕಾಶದಲ್ಲಲ್ಲ, ಮುಧೋಳದ ರಸ್ತೆಯಲ್ಲಿ. ಇದನ್ನು ಆಕೆ ಹತ್ತು ತಿಂಗಳಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಸುಸ್ತಾಗಿದ್ದಳು. ಜೈರೋಪ್ಲೇನ್ ಹಾರಿಸುವವಳ ಕಾಲು ಮುರಿದಿದೆ ಎಂದಮೇಲೆ ಮೇಲಿನಿಂದಲೇ ಬಿದ್ದಿರಬೇಕು ಎಂದು ಆಕೆಯ ಊರು ರಬಕವಿಯ ಜನ ತೀರ್ಮಾನ ಮಾಡಿಬಿಟ್ಟಿದ್ದರು. ನಡೆದ ಸಂಗತಿಗೆ ಅಷ್ಟೊಂದು ಗತ್ತು ಇರಲಿಲ್ಲ. ಸ್ಕೂಟಿಯ ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರ್, ಅದಕ್ಕೆ ಎರಡು ಟ್ರೇಲರ್, ಜೊತೆಗೆ ಕಿವಿ ಕಿತ್ತುಹೋಗುವಂಥ ಹಾಡು. ಹಾಡಿನ ಕುಣಿತಕ್ಕೋ ರಸ್ತೆಯ ಕುಣಿಗೋ ಒಂದು ಹೊರೆ ಕಬ್ಬು ಜಾರಿ ಬಿತ್ತು. ಸ್ಕೂಟಿ ಕಬ್ಬಿನ ಮೇಲೆ ಹತ್ತಿತು, ಪ್ರತಿಮಾ ಸ್ಕೂಟಿಯ ಕೆಳಗೆ ಹೋದಳು. ಎಡಗಾಲು ಎರಡು ಕಡೆ ಮುರಿಯಿತು. ನಾಲ್ಕುನೂರು ತಾಸು ಗಾಳಿಯಲ್ಲಿ ಹಾರಿ ಒಂದು ಗೀರೂ ಮಾಡಿಕೊಳ್ಳದವಳನ್ನು ಕಬ್ಬು ಕೆಡವಿ ಮಲಗಿಸಿತು.

ಆಕೆ ಹಾರುತ್ತಿದ್ದದ್ದು ಬೀಳಗಿಯ ಹತ್ತಿರ. ಅಲ್ಲಿ ಹಿನ್ನೀರಿನ ದಂಡೆಯಲ್ಲಿ ಗಿರಮಲ್ಲಪ್ಪನದೊಂದು ಮಟ್ಟಸವಾದ ಬಯಲು. ವಾಯುಪಡೆಯಿಂದ ನಿವೃತ್ತನಾಗಿ ಬಂದ ಈ ಮನುಷ್ಯ ಎರಡು ಸೀಟಿನ ಜೈರೋಪ್ಲೇನ್ ಇಟ್ಟುಕೊಂಡು, ಬಂದವರನ್ನು ಕೃಷ್ಣೆಯ ನೀರಿನ ಮೇಲೆ ಒಂದು ಸುತ್ತು ಹಾರಿಸಿ ತರುತ್ತಿದ್ದ. ಅದರ ನೆತ್ತಿಯ ಮೇಲೆ ಹೆಲಿಕಾಪ್ಟರಿನಂಥ ರೆಕ್ಕೆ. ಆದರೆ ಹಾರುವಾಗ ಅದನ್ನು ತಿರುಗಿಸುವುದು ಎಂಜಿನ್ ಅಲ್ಲ, ಬೀಸಿ ಬರುವ ಗಾಳಿ. ಬೆನ್ನ ಹಿಂದೆ ಮುಂದಕ್ಕೆ ನೂಕಲು ಇನ್ನೊಂದು ಫ್ಯಾನ್. ಮಾಡು ಇಲ್ಲ, ಬಾಗಿಲು ಇಲ್ಲ. ಸುತ್ತಲಿನವರು ಅದಕ್ಕೆ ಫ್ಯಾನ್‌ಗಾಡಿ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು. ಪ್ರತಿಮಾ ಅಲ್ಲಿಗೆ ಮೊದಲು ಬಂದದ್ದು ಟಿಕೆಟ್ ಹರಿಯುವ ಕೆಲಸಕ್ಕೆ. ಎರಡು ವರ್ಷ ಟಿಕೆಟ್ ಹರಿದಳು, ಮೂರನೆಯ ವರ್ಷ ಹಠ ಹಿಡಿದು ಹಾರಲು ಕಲಿತಳು, ಲೈಸೆನ್ಸ್ ತಂದಳು. ಅಂದಿನಿಂದ ಗಿರಮಲ್ಲಪ್ಪ ನೆರಳಿನಲ್ಲಿ ಕುಳಿತು ಚಹಾ ಕುಡಿಯತೊಡಗಿದ್ದ.

ಜಮಖಂಡಿಯ ಡಾಕ್ಟರು ಫೋಟೋ ತೆಗೆಸಿ ನೋಡಿ, "ಎಲುಬೇನೋ ಕೂಡೇತಿ. ಆದ್ರ ಪಾದ ಹದಾ ಮರತೈತಿ ನೋಡವಾ" ಅಂದರು. ಅದು ಸಣ್ಣ ಮಾತಾಗಿರಲಿಲ್ಲ. ಫ್ಯಾನ್‌ಗಾಡಿಯ ಮೂತಿಯನ್ನು ಅತ್ತಿತ್ತ ತಿರುಗಿಸುವುದು ಕಾಲ ಕೆಳಗಿನ ಎರಡು ಪೆಡಲ್. ಅವನ್ನು ಮೆಲ್ಲಗೆ ಒತ್ತಬೇಕು. ಪ್ರತಿಮಾಳ ಎಡಗಾಲು ಒಂದೋ ಒತ್ತುತ್ತಲೇ ಇರಲಿಲ್ಲ, ಒತ್ತಿದರೆ ಗೂಳಿಯ ಹಾಗೆ ತುಳಿಯುತ್ತಿತ್ತು.

"ಹದಾ ಕಲ್ಸಾಕ ಜಮಖಂಡಿಗೆ ಯಾಕ ಹೋಗ್ತಿ? ಮನ್ಯಾಗ ಮಗ್ಗ ಇಲ್ಲೇನು?" ಅಂದಳು ತಾಯಿ ಸಾತವ್ವ.

ಅವರ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಪವರ್‌ಲೂಮು ಖಟಖಟ ಅನ್ನುತ್ತಿದ್ದರೂ ಸಾತವ್ವ ಮಾತ್ರ ಕುಣಿಮಗ್ಗ ಬಿಟ್ಟಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ಎರಡು ಹಲಗೆಗಳನ್ನು ಎಡ ಬಲ ತುಳಿಯುತ್ತ ಲಾಳಿ ಓಡಿಸಿ ಸೀರೆ ನೇಯುವ ಮಗ್ಗ ಅದು. ಸಣ್ಣವಳಿದ್ದಾಗ ಪ್ರತಿಮಾ ಅದರಿಂದ ತಪ್ಪಿಸಿಕೊಳ್ಳಲು ಹೊಟ್ಟೆನೋವು, ತಲೆನೋವು, ಪರೀಕ್ಷೆ ಎಲ್ಲ ಹೇಳಿದ್ದಳು. ಈಗ ಮೂವತ್ತೊಂದನೆಯ ವಯಸ್ಸಿನಲ್ಲಿ ಆಕೆಯನ್ನು ಹಿಡಿದು ಕುಣಿಗೆ ಇಳಿಸಿದ ಸಾತವ್ವನ ಮುಖದಲ್ಲಿ ಹಳೆಯ ಸಾಲ ವಸೂಲಾದ ಸಂತೋಷ ಇತ್ತು.

"ನೋಡ, ಒಂದ ಮಾತ ನೆನಪಿಡು. ಹಾಸಿನ್ಯಾಗ ಎಳಿ ಹರೀತಂದ್ರ ನಾ 'ಎಳಿ' ಅಂತೇನಿ. ಅಂದ ಕೂಡ್ಲೆ ಎಡ್ಡೂ ಕಾಲ ಎತ್ತಿಬಿಡಬೇಕು. ತುಳಕೋಂತ ಇದ್ದೆಂದ್ರ ಸೀರಿ ಹಾಳಾತಂತ ತಿಳಿ."

ನಾಲ್ಕು ತಿಂಗಳು ದಿನಕ್ಕೆ ಮೂರು ತಾಸು ಪ್ರತಿಮಾ ತುಳಿದಳು. ಪಕ್ಕದಲ್ಲಿ ಕೂತ ಸಾತವ್ವನ ಕಣ್ಣಿಗೆ ಕೂದಲಿನಂಥ ದಾರ ಹರಿದದ್ದೂ ತಪ್ಪುತ್ತಿರಲಿಲ್ಲ. "ಎಳಿ!" ಅಂದರೆ ಸಾಕು, ಎರಡೂ ಕಾಲು ತಾವಾಗಿಯೇ ಮೇಲೇಳುತ್ತಿದ್ದವು. ಪಾದಕ್ಕೆ ಹದ ಮರಳಿತು. ಕುಂಟು ಹೋಯಿತು. ಡಾಕ್ಟರು ಹಾರಲು ಅಡ್ಡಿಯಿಲ್ಲ ಎಂದು ಕಾಗದ ಕೊಟ್ಟರು, ಗಿರಮಲ್ಲಪ್ಪ ಬರಹೇಳಿದ.

"ಒಂದ ಸುತ್ತ, ಒಂದ ಇಳಿಯೂದು. ಹಿಂದಿನ ಸೀಟಿನ್ಯಾಗ ನಾ ಇರ್ತೇನಿ. ಛಲೋ ಇಳಿಸಿದಿ, ಗಾಡಿ ನಿಂದು. ಇಲ್ಲಂದ್ರ ಟಿಕೀಟಿನ ಟೇಬಲ್ ನಿಂದು. ಸಂಕ್ರಾಂತಿಗೆ ಜನಾ ಬರ್ತಾರ, ನಾ ಪುಣೆದಿಂದ ಬ್ಯಾರೆ ಪೈಲಟ್ ಕರಸ್ಬೇಕಾಕ್ಕೈತಿ."

"ಆತ್ರಿ ಕಾಕಾರ," ಅಂದಳು ಪ್ರತಿಮಾ. ಟೇಬಲ್ಲಿನ ಕಡೆ ತಿರುಗಿ ಕೂಡ ನೋಡಲಿಲ್ಲ.

ಗಾಡಿ ಬಯಲಿನಲ್ಲಿ ಓಡಿ ನೆಲ ಬಿಟ್ಟಾಗ ಆಕೆಗೆ ಕಿರುಚಬೇಕೆನಿಸಿತು. ಹಿಂದೆ ಹಿರಿಯರಿದ್ದಾರೆಂದು ತುಟಿ ಕಚ್ಚಿದಳು. ಕೆಳಗೆ ಜೋಳದ ಹೊಲ, ಒಂದು ದೋಣಿ, ನೀರಿನಲ್ಲಿ ಅರ್ಧ ಮುಳುಗಿದ ಹಳೆಯ ದಾರಿ, ಎಲ್ಲ ಇಟ್ಟಲ್ಲೇ ಇದ್ದವು. ಹತ್ತು ತಿಂಗಳು ಯಾರೂ ಏನನ್ನೂ ಕದ್ದಿರಲಿಲ್ಲ. ಪಾದಗಳು ಪೆಡಲ್ ಮೇಲೆ ಬೆಣ್ಣೆಯ ಹಾಗೆ ಕೂತಿದ್ದವು. ಬಯಲಿನ ಕಡೆ ತಿರುಗಿಸಿ, ಇಳಿಸಿ, ಇನ್ನೇನು ಗಾಲಿ ನೆಲ ಮುಟ್ಟಬೇಕು, ಆಗ ಕೈಯಲ್ಲಿನ ಸ್ಟಿಕ್ಕನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಹಿಂದಿನಿಂದ ಗಿರಮಲ್ಲಪ್ಪ ಹೆಲ್ಮೆಟ್ಟಿನ ಮೈಕಿನಲ್ಲಿ ಎಂದಿನಂತೆ ಗುಡುಗಿದ:

"ಎಳಿ!"

ಪ್ರತಿಮಾಳ ಎರಡೂ ಕಾಲು ಪೆಡಲ್ ಬಿಟ್ಟು ಮೇಲೆದ್ದವು.

ಗಾಡಿಯ ಮೂತಿ ಎಡಕ್ಕೆ ಸೊಟ್ಟಗಾಯಿತು. ಹಾಗೇ ನೆಲ ಮುಟ್ಟಿದ್ದರೆ ಪಲ್ಟಿ ಖಂಡಿತ. ಗಿರಮಲ್ಲಪ್ಪ ತನ್ನ ಸ್ಟಿಕ್ ಹಿಡಿದು, ಎಂಜಿನ್ ಜೋರು ಮಾಡಿ ಗಾಡಿಯನ್ನು ಮತ್ತೆ ಮೇಲೆತ್ತಿದ. ಇನ್ನೊಂದು ಸುತ್ತು ಹಾಕಿ ತಾನೇ ಇಳಿಸಿದ. ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡು, "ಕಾಲು ಕೈ ಕೊಟ್ಟಿತಲ್ಲವಾ ಪ್ರತಿಮಾ" ಅಂದ. ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. ಕಾಲು ಯಾಕೆ ಎದ್ದವು ಎಂಬುದು ಆಕೆಗೇ ಗೊತ್ತಿರಲಿಲ್ಲ. ತನಗೆ ಹೇಳದೆಯೇ ಹೆದರಿಕೆ ಕಾಲಿನಲ್ಲಿ ಮನೆಮಾಡಿಕೊಂಡಿದೆ, ಇನ್ನು ಹಾರುವುದು ಮುಗಿಯಿತು ಎಂದುಕೊಂಡಳು. ಜಮಖಂಡಿ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತು ಊರು ಬರುವವರೆಗೂ ಅತ್ತಳು. ಪಕ್ಕದ ಹೆಂಗಸು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಒಂದು ಬಾಳೆಹಣ್ಣು ಕೊಟ್ಟಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಸಾತವ್ವ ಮುಖ ನೋಡಿ ಚಹಾಕ್ಕೆ ಇಟ್ಟಳು. ಪ್ರತಿಮಾ ಸಿಟ್ಟಿನಲ್ಲಿ ಹೋಗಿ ಮಗ್ಗಕ್ಕೆ ಕೂತು ಧಡಧಡ ತುಳಿಯತೊಡಗಿದಳು. ಬಟ್ಟಲು ಹಿಡಿದು ಬಂದ ಸಾತವ್ವ ಬಾಗಿಲಲ್ಲೇ ಕೂಗಿದಳು:

"ಎಳಿ!"

ಎರಡೂ ಕಾಲು ಮೇಲೆದ್ದವು.

ಎತ್ತಿದ ಕಾಲು ಎತ್ತಿದ ಹಾಗೇ ಪ್ರತಿಮಾ ಕುಣಿಯೊಳಗೆ ಬಗ್ಗಿ ಅವನ್ನೇ ನೋಡುತ್ತ ಕೂತಳು. ಆಮೇಲೆ ನಗತೊಡಗಿದಳು. ನಕ್ಕೂ ನಕ್ಕೂ ಮಗ್ಗದ ಮೇಲೆ ತಲೆಯಿಟ್ಟಳು.

"ಯವ್ವಾ, ಹುಡುಗಿಗೆ ಏನ್ ಬಡೀತು!" ಸಾತವ್ವನ ಕೈಯಲ್ಲಿದ್ದ ಚಹಾ ಚೆಲ್ಲಿತು.

"ಹೆದರಿಕಿ ಅಲ್ಲ ಬೇ! ನಿನ್ನ ಎಳಿ! ಗಿರಮಲ್ಲಪ್ಪ ಕಾಕಾ ಸ್ಟಿಕ್ ಎಳಿ ಅಂದ್ರು, ನನ್ನ ಕಾಲಿಗೆ ದಾರಾ ಹರದಂಗ ಕೇಳ್ತು!"

ಕಥೆಯನ್ನೆಲ್ಲ ಕೇಳಿದ ಸಾತವ್ವ ಮರುಗುವುದು ಬಿಟ್ಟು ಹೆಮ್ಮೆಯಿಂದ ಉಬ್ಬಿದಳು. "ಅಷ್ಟ ಎತ್ತರಕ್ಕ ಹೋದ್ರೂ ನಾ ಕಲಿಸಿದ್ದು ಮರೀಲಿಲ್ಲಂದಂಗಾತು!" ಅಂದವಳೇ ಮರುದಿನ ಬೆಳಿಗ್ಗೆ ಇಳಕಲ್ಲ ಸೀರೆ ಉಟ್ಟು ಮಗಳ ಜೊತೆ ಬೀಳಗಿಗೆ ಹೊರಟಳು.

ಗಿರಮಲ್ಲಪ್ಪನಿಗೆ ಮೊದಲು ನಂಬಿಕೆಯಾಗಲಿಲ್ಲ. "ಖರೆ ಹೇಳು, ಹೆದರಿಕಿ ಇಲ್ಲೇನು ನಿನಗ?"

"ಐತ್ರಿ ಕಾಕಾರ. ಆದ್ರ ಅದು ಹೊಟ್ಯಾಗ ಐತಿ, ಕಾಲಾಗಿಲ್ಲ. ಹೊಟ್ಟೀಲೆ ಪೆಡಲ್ ತುಳಿಯೂದಿಲ್ಲಲ್ರಿ."

ಆತನಿಗೆ ನಗು ಬಂತು, ಆದರೆ ಮೀಸೆಯ ಕೆಳಗೇ ಇಟ್ಟುಕೊಂಡ. ಸಾತವ್ವ ಮುಂದೆ ಬಂದಳು. "ಯಣ್ಣಾ, ನಿಮ್ಮ ಮಾತು ಬದಲ ಮಾಡ್ರಿ."

"ಮೂವತ್ತ ವರ್ಷ ಅದ ಮಾತ ಹೇಳೇನ್ರಿ ಅಕ್ಕಾರ. ನೀವ ಬದಲ ಮಾಡ್ರಿ."

"ನಮ್ಮದು ಮುತ್ತಜ್ಜಿ ಕಾಲದ್ದ್ರಿ!"

ಮುತ್ತಜ್ಜಿಯ ಮುಂದೆ ವಾಯುಪಡೆ ಸೋತಿತು. ಇನ್ನು ಮೇಲೆ 'ಎಳಿ' ಬದಲು 'ಜಗ್ಗು' ಅನ್ನುವುದೆಂದು ಒಪ್ಪಂದವಾಯಿತು. ಇನ್ನೊಂದೇ ಸುತ್ತು, ಇದೇ ಕೊನೆಯದು. ಗಿರಮಲ್ಲಪ್ಪ ಹಿಂದಿನ ಸೀಟು ಹತ್ತುವಾಗಲೂ "ಜಗ್ಗು, ಜಗ್ಗು" ಎಂದು ಪಾಠ ಒಪ್ಪಿಸುತ್ತಿದ್ದ.

ಈ ಸಲ ಪ್ರತಿಮಾ ದೋಣಿ ನೋಡಲಿಲ್ಲ, ಜೋಳ ನೋಡಲಿಲ್ಲ. ಸುತ್ತು ಮುಗಿಸಿ ಬಯಲಿಗೆ ತಿರುಗಿಸಿದಳು. ಅಡ್ಡಗಾಳಿ ತುಸು ಇತ್ತು, ಎಡಪಾದದಿಂದ ಬೇಕಾದಷ್ಟೇ ಒತ್ತಿದಳು. ನೆಲ ಹತ್ತಿರ ಬಂತು. ಮಾತು ಬರುತ್ತದೆಂದು ಕಿವಿ ಕಾದವು. ಬರಲಿಲ್ಲ. ನೆಲ ಇನ್ನೂ ಹತ್ತಿರ ಬಂತು. ಹಿಂದಿನಿಂದ ಚಕಾರವಿಲ್ಲ. ಆಗ ಪ್ರತಿಮಾ ಯಾರ ಮಾತಿಗೂ ಕಾಯದೆ ಸ್ಟಿಕ್ ಎಳೆದಳು. ಪಾದಗಳು ಪೆಡಲ್ ಬಿಡಲಿಲ್ಲ. ಗಾಲಿ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಗಾಡಿ ಹತ್ತು ಹೆಜ್ಜೆ ಓಡಿ ನಿಂತಿತು.

"ಯಾಕ್ ಸುಮ್ಮನಾದ್ರಿ ಕಾಕಾರ? ಪರೀಕ್ಷೆ ಮಾಡಿದ್ರೇನು?"

"ಯಾತರ ಪರೀಕ್ಷಾ ತಗೀ," ಗಿರಮಲ್ಲಪ್ಪ ನಾಚಿಕೊಂಡ. "ಹೊಸಾ ಮಾತು ಯಾವ್ದಂತ ನೆನಸೂದ್ರಾಗ ನೀ ಇಳಿಸೇಬಿಟ್ಟಿ."

ಅವನು ಸೀದಾ ಹೋಗಿ ಟಿಕೆಟ್ಟಿನ ಟೇಬಲ್ಲಿನ ಹಿಂದೆ ತಾನೇ ಕೂತು ಪುಸ್ತಕ ಎಳೆದುಕೊಂಡ. ಮೊದಲ ಟಿಕೆಟ್ ಹರಿದು ಸಾತವ್ವನ ಕೈಗಿಟ್ಟ. ಸಾತವ್ವ ಒಲ್ಲೆ ಅಂದಳು, ಮೊಣಕಾಲು ನೋವು ಅಂದಳು, ಹಾಲು ಒಲೆಯ ಮೇಲಿಟ್ಟು ಬಂದೇನಿ ಅಂದಳು. ಮಗ್ಗದಿಂದ ತಪ್ಪಿಸಿಕೊಳ್ಳಲು ತಾನು ಹೇಳುತ್ತಿದ್ದ ನೆಪಗಳ ಮೂಲ ಎಲ್ಲಿತ್ತೆಂದು ಪ್ರತಿಮಾಳಿಗೆ ಆಗ ತಿಳಿಯಿತು. ಕಡೆಗೆ ಹಿಂದಿನ ಸೀಟಿನಲ್ಲಿ ಪಟ್ಟಿ ಬಿಗಿಸಿ, ಸೆರಗಿನ ಮೇಲೆ ಜಾಕೀಟು ತೊಡಿಸಿ, ಹೆಲ್ಮೆಟ್ ಹಾಕಿ ಕೂರಿಸಿದರು.

ಮೇಲೆ ಹೋದಮೇಲೆ ಸಾತವ್ವ ಎರಡೂ ಕೈಯಿಂದ ಸೀಟು ಹಿಡಿದು ಕೂತಳು. ನೀರಿನ ನಡುವೆ ಬಂದಾಗ ಒಂದೇ ಪ್ರಶ್ನೆ ಕೇಳಿದಳು. "ಕಾಲು ನೋಯ್ತೈತೇನು?"

"ಇಲ್ಲ ಬೇ."

"ಹಂಗಾರ ಇನ್ನೊಂದ ಸುತ್ತ ಹಾಕು."

ಇನ್ನೊಂದು ಸುತ್ತು ಹಾಕಿ ಪ್ರತಿಮಾ ಗಾಡಿ ಇಳಿಸಿದಳು. ಕೆಳಗೆ ಟೇಬಲ್ಲಿನ ಮೇಲೆ ರೇಡಿಯೋ ಇತ್ತು, ರೇಡಿಯೋದ ಹಿಂದೆ ಗಿರಮಲ್ಲಪ್ಪ ಇದ್ದ. ಗಾಡಿ ನೆಲಕ್ಕೆ ಬರುವುದು ಕಂಡದ್ದೇ ತಡ, ಮುತ್ತಜ್ಜಿಯ ಒಪ್ಪಂದ ಗಾಳಿಗೆ ಹೋಯಿತು.

"ಎಳಿ!"

ಪ್ರತಿಮಾಳ ಪಾದಗಳು ಇದ್ದಲ್ಲೇ ಇದ್ದವು. ಆದರೆ ಹಿಂದಿನ ಸೀಟಿನಲ್ಲಿ ಸಾತವ್ವನ ಎರಡೂ ಕಾಲು ರಪ್ಪನೆ ಮೇಲೆದ್ದು, ಮೊಣಕಾಲು ಮಗಳ ಬೆನ್ನಿಗೆ ಬಡಿಯಿತು.

"ಎಲ್ಲಿ ಹರೀತು?" ಗಾಬರಿಯಿಂದ ಕೇಳಿದಳು ಸಾತವ್ವ.

"ಎಲ್ಲೂ ಹರಿದಿಲ್ಲ ಬೇ ಯವ್ವಾ," ಪ್ರತಿಮಾ ಸ್ಟಿಕ್ ಎಳೆದುಕೊಳ್ಳುತ್ತ ನಕ್ಕಳು. "ಎಲ್ಲಾ ಕೂಡೇತಿ. ಕಾಲ ಕೆಳಗ ಇಡು, ನೆಲ ಬಂತು."