ಕಾವಲು ಡಬ್ಬಿ

ಹಬ್ಬದ ದಿನ ಫೋನ್ ಬಂದರೆ ನನಗೆ ಸಿಟ್ಟು ಬರುತ್ತದೆ. ಅದನ್ನು ಮುಚ್ಚಿಡುವ ಗುಣವೂ ನನಗಿಲ್ಲ. ವಿಜಯದಶಮಿಯ ಬೆಳಿಗ್ಗೆ ಹಳಿಯಾಳದ ಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ ದಾಂಡೇಲಿಯ ಸಣ್ಣ ಆಸ್ಪತ್ರೆಯಿಂದ ನರ್ಸ್ ಮಹಾದೇವಕ್ಕ ಫೋನ್ ಮಾಡಿದಳು. ಅಲ್ಲಿಯ ಕಂಪ್ಯೂಟರು, ನೆಟ್‌ವರ್ಕು ನೋಡಿಕೊಳ್ಳುವವಳು ನಾನು.

"ಶೈಲಾ, ಹುಬ್ಬಳ್ಳಿ ಲೈನ್ ಬಂದ್ ಆಗೇತಿ, ಲಗೂನ ಬಾ. ಎಂಟ ತಿಂಗಳ ಬಸುರಿ ಬಂದಾಳ. ನಿನ್ನೆ ಸಂಜಿಯಿಂದ ಕೂಸು ಮಿಸುಕಾಡವಲ್ದಂತ."

"ಫೋಟೋ ತಗದು ಫೋನಿನ್ಯಾಗ ಕಳಿಸ್ರಿ."

"ಕಳಿಸೀವಿ. ಫೋಟೋದಾಗ ತಿಳಿಯಂಗಿಲ್ಲ, ಸ್ಕ್ಯಾನ್ ನಡದಾಗನ ನೋಡಬೇಕು ಅಂತಾರ ಹುಬ್ಬಳ್ಳಿ ದೊಡ್ಡ ಡಾಕ್ಟರು."

ಹೂರಣದ ಕೈ ತೊಳೆದು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಎಲ್ಲರನ್ನೂ ಬೈದುಕೊಂಡೇ ಹೋದೆ.

ಬಸುರಿಯ ಹೆಸರು ಸುಮಿತಾ. ಕ್ಯಾಸಲ್‌ರಾಕ್‌ನಿಂದ ಬಾಡಿಗೆ ಜೀಪಿನಲ್ಲಿ ಬಂದಿದ್ದಳು. ಗಂಡ ಸುಭಾಸ ಅಲ್ಲಿ ರೈಲ್ವೆ ಹಳಿ ಕೆಲಸದವನು. ಹೋದ ವರ್ಷ ಅವರ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ನಮ್ಮ ಡ್ಯೂಟಿ ಡಾಕ್ಟರು ಸ್ಕ್ಯಾನ್ ಮಾಡಿ, ಎದೆಬಡಿತ ಇದೆ, ಆದರೆ ಕೂಸಿನ ಸುತ್ತಲಿನ ನೀರು ಕಡಿಮೆ ಎಂದಿದ್ದರು. ಹುಬ್ಬಳ್ಳಿಯವರೆಗೆ ಮತ್ತೆ ಕುಲುಕಿಸಿಕೊಂಡು ಒಯ್ಯುವುದೋ, ಇಲ್ಲೇ ಇಟ್ಟುಕೊಳ್ಳುವುದೋ ಎಂದು ಹೇಳುವ ಧೈರ್ಯ ಅವರಿಗೆ ಇರಲಿಲ್ಲ. ಸುಮಿತಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು.

ಒಳಗಿನ ಕೋಣೆಯಲ್ಲಿ ನಮ್ಮ ಫೈರ್‌ವಾಲ್ ಇದೆ. ಹೊರಗಿನ ಕಳ್ಳರನ್ನು ತಡೆದು, ನಮಗೂ ಹುಬ್ಬಳ್ಳಿ ಆಸ್ಪತ್ರೆಗೂ ನಡುವೆ ಒಂದು ಭದ್ರ ದಾರಿಯನ್ನು ತೆರೆದಿಡುವ ಡಬ್ಬಿ. ಎಲ್ಲರೂ ಅದನ್ನು ಕಾವಲು ಡಬ್ಬಿ ಎನ್ನುತ್ತಾರೆ. ಅದರ ಮೇಲೆ ನಾನೇ ಒಂದು ಬೋರ್ಡು ಅಂಟಿಸಿದ್ದೆ: "ಮುಟ್ಟಿದರೆ ಕೆಲಸ ಹೋಗುತ್ತದೆ."

ಕೇಬಲ್ ಹಚ್ಚಿ ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಒಂದೊಂದೇ ಕಮಾಂಡ್ ಕೊಟ್ಟೆ. ಇಂಟರ್‌ನೆಟ್ ಸರಿಯಾಗಿತ್ತು. ಹುಬ್ಬಳ್ಳಿಯ ದಾರಿ ಮಾತ್ರ ತೆರೆಯುತ್ತಿರಲಿಲ್ಲ. ಮುಚ್ಚಿ ಮತ್ತೆ ತೆರೆದೆ, ಪ್ರತಿ ಸಲವೂ ಬರಿ 'ವಿಫಲ' ಎಂಬ ಉತ್ತರ. ಡಬ್ಬಿ ಎಷ್ಟು ಹೊತ್ತಿನಿಂದ ನಡೆಯುತ್ತಿದೆ ಎಂದು ಕೇಳಿದೆ. ಕೆಲವೇ ತಾಸು ಎಂದು ತೋರಿಸಿತು, ಅಂದರೆ ಇವತ್ತು ಬೆಳಿಗ್ಗೆಯಿಂದ. ನಾನು ಅದನ್ನು ಆರಿಸಿ ಎಷ್ಟೋ ತಿಂಗಳಾಗಿತ್ತು.

"ಇದನ್ನ ಯಾರು ಬಂದ್ ಮಾಡಿದ್ರಿ?" ಎಂದು ಕೂಗಿದೆ.

"ಯಾರೂ ಮುಟ್ಟಿಲ್ಲವ್ವಾ" ಎಂದಳು ಮಹಾದೇವಕ್ಕ.

"ಹಂಗಾರ ದೆವ್ವ ಬಂದಿತ್ತೇನ? ಖರೇ ಹೇಳ್ರಿ, ಇಲ್ಲಾಂದ್ರ ನಾ ಎಲ್ಲಿ ಅಂತ ಹುಡುಕಲಿ?"

ಹೊರಗೆ ಸುಭಾಸ ಜೀಪಿನವನಿಗೆ ಹುಬ್ಬಳ್ಳಿಗೆ ಹೊರಡಲು ತಯಾರಾಗು ಎನ್ನುತ್ತಿದ್ದ. ಆಗ ಬಾಗಿಲ ಮರೆಯಿಂದ ಆಯಾ ಹೊಳೆವ್ವ ಮುಂದೆ ಬಂದಳು.

"ನಾನ ಬಂದ್ ಮಾಡಿದ್ದೆ, ಅಕ್ಕಾರ. ನಿನ್ನೆ ಖಂಡೇಪೂಜಿ. ಎಲ್ಲಾ ಮಶಿನ್ನಿಗೂ ಕುಂಕುಮ ಹಚ್ಚಿ ಆರಾಮ ಕೊಟ್ಟ್ವಿ. ಇದೊಂದ ಹಗಲೂ ರಾತ್ರಿ ಮಿಣಿಮಿಣಿ ಅಂತ ದುಡೀತೈತಿ, ಇದಕ್ಕೂ ಒಂದ ರಾತ್ರಿ ಆರಾಮ ಇರಲಿ ಅಂತ ಸ್ವಿಚ್ ತಗದೆ. ಮುಂಜಾನೆ ಹಾಕೀನಿ. ನನ್ನ ಕೆಲಸದಿಂದ ತಗದರೂ ತಗೀರಿ, ಆ ಹುಡುಗಿ ಕೂಸಿಗೆ ಏನೂ ಆಗಬಾರದು."

ಡಬ್ಬಿಯನ್ನು ಹೊರಳಿಸಿದೆ. ಬದಿಗೆ ಕುಂಕುಮ, ಒಂದು ಚೆಂಡುಹೂವಿನ ಎಸಳು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಆದರೆ ತಲೆಗೆ ಬೇರೆಯದೇ ಹೊಳೆಯಿತು. ರಾತ್ರಿಯೆಲ್ಲ ಡಬ್ಬಿಗೆ ಕರೆಂಟ್ ಇರಲಿಲ್ಲ. ಒಳಗೆ ಗಡಿಯಾರ ನಡೆಸುವ ಸಣ್ಣ ಸೆಲ್ಲು ಸತ್ತಿದ್ದರೆ?

ತಾರೀಖು ಕೇಳುವ ಕಮಾಂಡ್ ಕೊಟ್ಟೆ. 2018ರ ಜನವರಿ ಒಂದು ಎಂದಿತು.

ಪಾಪದ ಡಬ್ಬಿ. ಹುಬ್ಬಳ್ಳಿಯಿಂದ ಬರುವ ಗುರುತಿನ ಪತ್ರಕ್ಕೆ ಶುರುವಿನ ತಾರೀಖು, ಮುಗಿಯುವ ತಾರೀಖು ಎರಡೂ ಇರುತ್ತವೆ. ಇದರ ಲೆಕ್ಕದಲ್ಲಿ ಆ ಪತ್ರ ಇನ್ನೂ ಶುರುವೇ ಆಗಿರಲಿಲ್ಲ, ಅದಕ್ಕೇ ಅದನ್ನು ಒಳಗೆ ಬಿಡುತ್ತಿರಲಿಲ್ಲ. ಸರಿಯಾದ ಸಮಯ ಕೇಳೋಣವೆಂದರೆ ಅದೂ ಬರುವುದು ಹುಬ್ಬಳ್ಳಿಯ ಅದೇ ದಾರಿಯಿಂದ. ಇವತ್ತಿನ ತಾರೀಖನ್ನೂ ಸಮಯವನ್ನೂ ನಾನೇ ಕೈಯಾರೆ ಬರೆದು ದಾರಿಯನ್ನು ಮತ್ತೆ ತೆರೆದೆ. ಈ ಸಲ ತೆರೆಯಿತು.

ಸ್ಕ್ಯಾನ್ ಕೋಣೆಯ ಪರದೆಯಲ್ಲಿ ದೊಡ್ಡ ಡಾಕ್ಟರು ಕಾಣಿಸಿಕೊಂಡರು. ಮುಖ ಹತ್ತಿರ ತಂದು ಸ್ಕ್ಯಾನಿನ ಚಿತ್ರ ನೋಡಿದರು. ಸುಭಾಸ ಹೆಂಡತಿಯ ಕೈ ಹಿಡಿದುಕೊಂಡಿದ್ದ.

"ಎಡಕ್ಕ ಹೊಳ್ಳವಾ. ಹಾಂ, ಅಲ್ಲೇ ತಡಿ. ನೋಡು, ಕಾಲ ಝಾಡಿಸ್ತು. ನೀರ ಕಡಿಮಿ ಐತಿ, ಆದ್ರ ಕೂಸು ಗಟ್ಟಿ ಐತಿ. ಪ್ರವಾಸ ಬ್ಯಾಡ, ಅಲ್ಲೇ ಮಲಗ್ಲಿ. ನಾ ಇಲ್ಲಿಂದ ದಿನಾ ನೋಡ್ತೇನಿ."

ಸುಮಿತಾ ಪರದೆಯ ಆ ಸಣ್ಣ ಕಾಲನ್ನು ನೋಡುತ್ತ ಅತ್ತಳು. ನಾನೂ ಅತ್ತೆ, ನಾಚಿಕೆ ಏನು.

ಹೊರಗೆ ಬಂದರೆ ಹೊಳೆವ್ವ ಬನ್ನಿ ಎಲೆ ಇಣುಕುತ್ತಿದ್ದ ಕೈಚೀಲ ಹಿಡಿದು ಹೊರಟಿದ್ದಳು.

"ಎಲ್ಲಿಗೆ ಹೊಂಟಿ?"

"ಮನಿಗ್ರಿ. ಮುಟ್ಟಿದ್ರ ಕೆಲಸ ಹೋಗತೈತಿ ಅಂತ ಬರದೀರೆಲ್ಲ. ಪೂಜಿಗೆ ನಡೀತೈತಿ ಅಂತ ತಿಳಕೊಂಡಿದ್ದೆ."

ಒಳಗೆ ಹೋಗಿ ಆ ಬೋರ್ಡು ಹರಿದು ತಂದು ಅವಳ ಮುಂದೆಯೇ ಕಸದ ಬುಟ್ಟಿಗೆ ಹಾಕಿದೆ.

"ನೀ ಬಾಯಿ ಬಿಡದಿದ್ರ ನಾ ಇನ್ನೂ ಹುಡುಕತಿದ್ದೆ, ಆಕಿ ಜೀಪಿನ್ಯಾಗ ಇರತಿದ್ಲು. ಎಲ್ಲೂ ಹೋಗಬ್ಯಾಡ. ಹೊಸಾ ಸೆಲ್ ಹಾಕ್ತೇನಿ. ಮುಂದಿನ ವರ್ಷಾನೂ ಪೂಜಿ ಮಾಡು, ಆದ್ರ ಸ್ವಿಚ್ಚಿಗೆ ಕೈ ಹಚ್ಚೂ ಮುಂದ ನನಗೊಂದು ಫೋನ್ ಮಾಡು."

"ಹಬ್ಬದ ದಿನ ಫೋನ್ ಮಾಡಿದ್ರ ನಿಮಗ ಸಿಟ್ಟ ಬರತೈತೆಲ್ಲ್ರಿ?"

ಅವಳ ಚೀಲದಿಂದ ನಾಲ್ಕು ಬನ್ನಿ ಎಲೆ ತೆಗೆದುಕೊಂಡೆ. ಅವನ್ನು ಅವಳ ಕೈಗೇ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಅವಳ ಕಾಲು ಮುಟ್ಟಿದೆ.