ಎರಡು ಪೂರ್ವಗಳ ತರಗತಿ

ಭೂಪಟವನ್ನು ಹಿಂದಿನ ಗೋಡೆಯಿಂದ ಮುಂದಿನ ಗೋಡೆಗೆ ತರಿಸಲು ಮುಖ್ಯೋಪಾಧ್ಯಾಯರ ಬಳಿ ಕಾರಣವಿತ್ತು. ಅದು ಲೆಕ್ಕದ ರೂಪದಲ್ಲಿತ್ತು. ನಾಲ್ಕನೇ ತರಗತಿಯ ಕರಿಹಲಗೆ ದಕ್ಷಿಣದ ಗೋಡೆಯಲ್ಲಿ. ಮಕ್ಕಳು ಕೂರುವುದು ಅದಕ್ಕೆ ಮುಖಮಾಡಿ. ಭೂಪಟ ಅವರ ಬೆನ್ನ ಹಿಂದೆ, ಉತ್ತರದ ಗೋಡೆಯಲ್ಲಿ ತೂಗುತ್ತಿತ್ತು. ಭೂಗೋಳದ ಶಿಕ್ಷಕಿ "ನೋಡಿ" ಎಂದಾಗಲೆಲ್ಲ ಮೂವತ್ತೆಂಟು ಮಕ್ಕಳು ತಿರುಗಬೇಕು, ಬೆಂಚುಗಳು ಕಿರುಗುಟ್ಟಬೇಕು, ಒಬ್ಬಳ ಜಡೆ ಇನ್ನೊಬ್ಬನ ಕೈಗೆ ಸಿಗಬೇಕು. ಸಲಕ್ಕೆ ಎರಡು ನಿಮಿಷ, ಪಿರಿಯಡ್ಡಿಗೆ ಐದು ಸಲ, ವಾರಕ್ಕೆ ಮೂರು ಪಿರಿಯಡ್ಡು: ಅರ್ಧ ಗಂಟೆ ನೀರುಪಾಲು. ಮೂವತ್ತು ವರ್ಷ ಗಣಿತ ಕಲಿಸಿದವರಿಗೆ ಇದು ಸಹಿಸುವ ನಷ್ಟವಲ್ಲ. ಯಾವ ಮಾತಿಗೂ "ಕೊನೆಗೆ ಶೇಷ ಎಷ್ಟು?" ಎಂದು ಕೇಳುವ ಅಭ್ಯಾಸದಿಂದ ಅವರು ಮಕ್ಕಳ ಬಾಯಲ್ಲಿ ಶೇಷದ ಮೇಷ್ಟ್ರಾಗಿದ್ದರು.

"ಪಟ ಅಲ್ಲೇ ಇರ್ಲಿ ಸರ್. ಇಲ್ಲಿಗೆ ತಂದ್ರೆ ಮಕ್ಕಳಿಗೆ ದಿಕ್ಕು ಗೊಂದಲ ಆಗತ್ತೆ," ಎಂದು ಶಿಕ್ಷಕಿ ಆಗಲೇ ಹೇಳಿದ್ದರು.

"ಯಾವ ಗೋಡೆ ಮೇಲಿದೀನಿ ಅಂತ ಪಟಕ್ಕೇನು ಗೊತ್ತಮ್ಮ?"

"ಹಾಗಾದ್ರೆ ಒಂದಿನ ಅಂಗಳಕ್ಕೆ ಕರ್ಕೊಂಡು ಹೋಗಿ ದಿಕ್ಕು ತೋರಿಸ್ಲಾ?"

"ಮೊದಲು ಪಾಠ ಮುಗೀಲಿ. ಅಂಗಳ ಎಲ್ಲೂ ಓಡಿಹೋಗಲ್ಲ."

ಶಿಕ್ಷಕಿಗೆ ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುತ್ತಿತ್ತು. ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆಗದವರಿಗೆ ವಾದ ದುಬಾರಿ. ಪಟ ಕರಿಹಲಗೆಯ ಪಕ್ಕಕ್ಕೆ ಬಂತು.

ನಾಲ್ಕು ತಿಂಗಳ ಮೇಲೆ ಇನ್ಸ್‌ಪೆಕ್ಟರು ಬಂದರು. ಶಿಕ್ಷಕಿಯನ್ನು ಉಳಿಸಿಕೊಳ್ಳುವುದೋ ಕಳಿಸುವುದೋ ಎಂಬುದು ಅವರ ಅಂದಿನ ವರದಿಯ ಮೇಲೆ ನಿಂತಿತ್ತು. ತರಗತಿಯೊಳಗೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ನದಿ, ಬೆಟ್ಟ, ಸಮುದ್ರ ಎಂದು ಕೇಳಿದ್ದಕ್ಕೆಲ್ಲ ಮಕ್ಕಳು ಪಟದ ಮೇಲೆ ತಟ್ಟನೆ ಬೆರಳಿಟ್ಟರು. ಇನ್ಸ್‌ಪೆಕ್ಟರಿಗೆ ಖುಷಿಯಾಗಿ, ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದರು. ಹೊತ್ತು ನೆತ್ತಿಯ ಮೇಲಿತ್ತು.

"ಸೂರ್ಯ ಎಲ್ಲಿ ಹುಟ್ತಾನೆ?"

"ಪೂರ್ವದಲ್ಲಿ ಸಾರ್!"

"ಪೂರ್ವ ಯಾವ ಕಡೆ? ಕೈ ತೋರಿಸಿ."

ಮೂವತ್ತೆಂಟು ಕೈಗಳು ಒಂದೇ ಏಟಿಗೆ ಪಶ್ಚಿಮದ ಉಗ್ರಾಣದ ಕಡೆ ಚಾಚಿದವು. ಒಂದು ಕೈಯಾದರೂ ಅನುಮಾನಿಸಲಿಲ್ಲ. ಶಿಕ್ಷಕಿಯ ಮುಖ ಸುಣ್ಣದಂತಾಯಿತು. ಅವರು ಮುಖ್ಯೋಪಾಧ್ಯಾಯರ ಕಡೆ ಒಮ್ಮೆ ನೋಡಿದರು, ಬಾಯಿ ಬಿಡಲಿಲ್ಲ.

ಕಚೇರಿಗೆ ಬಂದು ಇನ್ಸ್‌ಪೆಕ್ಟರು ವರದಿ ಪುಸ್ತಕದಲ್ಲಿ ಬರೆದರು: "ಮಕ್ಕಳಿಗೆ ದಿಕ್ಕುಗಳ ಮೂಲಜ್ಞಾನವಿಲ್ಲ. ಶಿಕ್ಷಕಿಯ ಸೇವೆ ಮುಂದುವರಿಸಲು ಶಿಫಾರಸಿಲ್ಲ." ಪುಸ್ತಕವನ್ನು ಮುಖ್ಯೋಪಾಧ್ಯಾಯರ ಕಡೆ ತಳ್ಳಿದರು. "ಒಂದು ಸಹಿ ಹಾಕಿ."

ಮುಖ್ಯೋಪಾಧ್ಯಾಯರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. "ಐದು ನಿಮಿಷ ಕೊಡಿ ಸಾರ್," ಎಂದು ಎದ್ದು ತರಗತಿಗೆ ನಡೆದರು. ಮೊದಲ ಬೆಂಚಿನಲ್ಲಿ ದರ್ಜಿಯ ಮಗಳು ಕೂತಿದ್ದಳು. ಸುಳ್ಳು ಹೇಳಲು ಬಾರದ ಹುಡುಗಿ. ಆ ಕಾರಣಕ್ಕೆ ಮನೆಯಲ್ಲಿ ಆಗಾಗ ಬೈಸಿಕೊಳ್ಳುತ್ತಿದ್ದಳು.

"ಪುಟ್ಟಿ, ನಿಮ್ಮನೇಲಿ ಬೆಳಿಗ್ಗೆ ಬಿಸಿಲು ಎಲ್ಲಿಂದ ಬರತ್ತೆ?"

"ನೀರಿನ ಟ್ಯಾಂಕ್ ಕಡೆಯಿಂದ ಸಾರ್."

ಕಿಟಕಿಯಲ್ಲಿ ಆ ಟ್ಯಾಂಕು ಕಾಣುತ್ತಿತ್ತು, ಉಗ್ರಾಣಕ್ಕೆ ನೇರ ಎದುರಿಗೆ. "ಮತ್ತೆ ಉಗ್ರಾಣದ ಕಡೆ ಯಾಕೆ ಕೈ ತೋರಿಸ್ದೆ?"

ಹುಡುಗಿಗೆ ಮೇಷ್ಟ್ರ ದಡ್ಡತನ ಆಶ್ಚರ್ಯ ತಂದಂತಿತ್ತು. "ಅದು ಮನೆ ಪೂರ್ವ ಸಾರ್. ಇದು ಸ್ಕೂಲ್ ಪೂರ್ವ. ಪಟದಲ್ಲಿ ಬಲಗಡೆ ಅಲ್ವಾ? ನಮ್ಮ ಬಲಗಡೆ ಉಗ್ರಾಣ ತಾನೆ ಇರೋದು?"

"ಎರಡು ಪೂರ್ವ ಇರತ್ತೇನೇ?"

"ನಂಗೂ ಹಾಗೇ ಅನ್ನಿಸ್ತು ಸಾರ್. ಪರೀಕ್ಷೆಗೆ ಇದೇ ಇರ್ಬೇಕು ಅಂತ ಸುಮ್ನಾದೆ."

ಅವರು ಪಟದ ಎದುರು ಹೋಗಿ ನಿಂತರು. ತಾವು ಉಳಿಸಿದ ಅರ್ಧ ಗಂಟೆಯನ್ನು ಹದಿನಾರು ವಾರಗಳಿಂದ ಗುಣಿಸಿದರು. ಎಂಟು ಗಂಟೆ ಬಂತು. ಎಂಟು ಗಂಟೆಗೆ ಪ್ರತಿಯಾಗಿ ಮೂವತ್ತೆಂಟು ತಲೆಗಳೊಳಗೆ ಒಂದೊಂದು ಸುಳ್ಳು ದಿಕ್ಕು. ಗುಣಾಕಾರದಲ್ಲಿ ತಪ್ಪಿರಲಿಲ್ಲ, ಲೆಕ್ಕವೇ ತಪ್ಪಾಗಿತ್ತು.

ಕಚೇರಿಗೆ ಮರಳಿ, ವರದಿಯ ಕೆಳಗಿನ ಖಾಲಿ ಜಾಗದಲ್ಲಿ ಅವರು ನಿಂತುಕೊಂಡೇ ಬರೆದರು: "ಶಿಕ್ಷಕಿಯ ಆಕ್ಷೇಪವಿದ್ದರೂ ಭೂಪಟವನ್ನು ದಕ್ಷಿಣದ ಗೋಡೆಗೆ ಹಾಕಿಸಿದವನು ನಾನು. ದಿಕ್ಕು ಕಲಿಸಲು ಅಂಗಳಕ್ಕೆ ಹೋಗಲು ಬಿಡದವನೂ ನಾನು."

ಇನ್ಸ್‌ಪೆಕ್ಟರು ಓದಿ ಹುಬ್ಬೇರಿಸಿದರು. "ನಿವೃತ್ತಿಗೆ ಎಷ್ಟಿದೆ ಮೇಷ್ಟ್ರೇ?"

"ಎಂಟು ತಿಂಗಳು."

"ಈ ವಯಸ್ನಲ್ಲಿ ಯಾಕ್ರೀ ಸುಮ್ನೆ ಮೈಮೇಲೆ ಎಳ್ಕೊಳ್ತೀರಾ? ಆಯಮ್ಮನೇ ಏನೂ ಹೇಳ್ಲಿಲ್ಲ."

"ಹೇಳ್ಲಿಲ್ಲ. ಅದಕ್ಕೇ ನಾನು ಬರೀಬೇಕಾಯ್ತು. ಲೆಕ್ಕ ಎಲ್ಲಿ ತಪ್ಪಿದೆಯೋ ಆ ಸಾಲಿಗೆ ತಾನೆ ಸಾರ್ ಅಂಕ ಕಳೆಯೋದು?"

ಇನ್ಸ್‌ಪೆಕ್ಟರು ಕೈಗಡಿಯಾರ ನೋಡಿದರು. "ಒಂದು ಪಿರಿಯಡ್ ಕಾಯ್ತೀನಿ. ಆಮೇಲೆ ಇನ್ನೊಂದ್ಸಲ ಕೇಳ್ತೀನಿ. ಅಷ್ಟೇ."

ಮುಂದಿನ ಪಿರಿಯಡ್ಡು ಗಣಿತದ್ದು. ಅದನ್ನು ಮುಖ್ಯೋಪಾಧ್ಯಾಯರು ಯಾರಿಗೂ ಬಿಟ್ಟುಕೊಟ್ಟ ಉದಾಹರಣೆಯಿರಲಿಲ್ಲ. ಅಂದು ಬಿಟ್ಟುಕೊಟ್ಟರು. ಭೂಪಟವನ್ನು ಮೊಳೆಯಿಂದ ಇಳಿಸಿ ಅಂಗಳದ ನೆಲಕ್ಕೆ ಹಾಸಿದರು. ಗಾಳಿಗೆ ಅದು ಮಗುಚದಿರಲೆಂದು ಒಂದು ಮೂಲೆಯನ್ನು ಮುಖ್ಯೋಪಾಧ್ಯಾಯರೇ ಮಂಡಿಯೂರಿ ಹಿಡಿದರು. ಮೊಣಕಾಲು ಲಟಕ್ಕೆಂದಿತು.

"ಶೇಷದ ಮೇಷ್ಟ್ರು ನೆಲದ ಮೇಲೆ ಕೂತ್ರು ಕಣೇ!" ಹಿಂದಿನಿಂದ ಪಿಸುಮಾತು ಬಂತು. ಅವರಿಗೆ ಕೇಳಿಸಿತು, ತಿರುಗಿ ನೋಡಲಿಲ್ಲ.

"ಬೆಳಿಗ್ಗೆ ಬಿಸಿಲು ಬರೋ ಕಡೆಗೆ ಪಟದ ಪೂರ್ವದ ಅಂಚು ತಿರುಗ್ಬೇಕು. ಹಿಡೀರಿ, ತಿರುಗಿಸಿ," ಎಂದರು ಶಿಕ್ಷಕಿ. ಮಕ್ಕಳು ನಾಲ್ಕೂ ಅಂಚು ಹಿಡಿದು ತಿರುಗಿಸಿದರು; ಜೊತೆಗೆ ಮುಖ್ಯೋಪಾಧ್ಯಾಯರೂ ಮಂಡಿಯಲ್ಲೇ ಸರಿದರು. ಅಂಚು ಟ್ಯಾಂಕಿನ ಕಡೆ ನಿಂತಿತು.

ದರ್ಜಿಯ ಮಗಳು ಪಟವನ್ನು ನೋಡಿದಳು, ಟ್ಯಾಂಕನ್ನು ನೋಡಿದಳು. "ಅಯ್ಯೋ ಮಿಸ್! ಇದು ನಮ್ಮನೆ ಪೂರ್ವನೇ!"

"ಎಲ್ಲರ ಮನೇದೂ ಇದೇ ಕಣೇ," ಎಂದು ಶಿಕ್ಷಕಿ ಅವಳ ತಲೆ ನೇವರಿಸಿದರು.

ಇನ್ಸ್‌ಪೆಕ್ಟರು ಮತ್ತೆ ಕೇಳಿದಾಗ ಮೂವತ್ತೈದು ಕೈಗಳು ಸರಿಯಾಗಿ ಎದ್ದವು. ಇಬ್ಬರು ಪಕ್ಕದವರನ್ನು ನೋಡಿ ಎತ್ತಿದರು. ಒಬ್ಬ ಮಾತ್ರ ಉಗ್ರಾಣವನ್ನು ಬಿಡಲೊಪ್ಪಲಿಲ್ಲ; ಅವನನ್ನು ಶಿಕ್ಷಕಿ ಆಗಲೇ ಪಟದ ಬಳಿಗೆ ಕರೆದಿದ್ದರು. ಇನ್ಸ್‌ಪೆಕ್ಟರು ತಡೆದು ನಿಂತು ಅದನ್ನು ಕೊನೆಯವರೆಗೂ ನೋಡಿದರು.

ವರದಿಯ ಎರಡನೇ ವಾಕ್ಯವನ್ನು ಅವರು ಹೊಡೆದುಹಾಕಿ, "ಸೇವೆ ಖಾಯಂಗೊಳಿಸಬಹುದು" ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಮುಖ್ಯೋಪಾಧ್ಯಾಯರಿಗೆ ಲಿಖಿತ ಎಚ್ಚರಿಕೆ ನೀಡಲಾಗಿದೆ."

ಮುಖ್ಯೋಪಾಧ್ಯಾಯರು ಆ ಸಾಲನ್ನು ಎರಡು ಸಲ ಓದಿದರು. ಸೇವಾವಧಿಯಲ್ಲಿ ಅವರಿಗೆ ಸಿಕ್ಕ ಮೊದಲ ಎಚ್ಚರಿಕೆ ಅದು.

"ಬೇಜಾರಾಯ್ತಾ ಮೇಷ್ಟ್ರೇ?"

"ದಿನಾಂಕ ಹಾಕಿಲ್ಲ ಸಾರ್," ಎಂದರು ಅವರು.

ಇನ್ಸ್‌ಪೆಕ್ಟರು ದಿನಾಂಕ ಹಾಕಿದರು. ಮುಖ್ಯೋಪಾಧ್ಯಾಯರು ಸಹಿ ಹಾಕಿದರು.