ಸೂಲಗಿತ್ತಿ ಹಾಲಮ್ಮನ ಹೆಸರು

ಭದ್ರಾವತಿ ನ್ಯೂ ಟೌನ್‌ನ ಹಳೆಯ ನಿವಾಸಿಗಳ ಸಂಘದ ಸ್ಮರಣ ಸಂಚಿಕೆ ಭಾನುವಾರ ಬಿಡುಗಡೆಯಾಗಲಿತ್ತು. ಮುಂಚೆಯೇ ಕೈಗೆ ಸಿಕ್ಕ ಪ್ರತಿಯನ್ನು ಸಮತಾ ಎರಡು ಸಲ ತಿರುವಿದಳು. ಫೋರ್‌ಮನ್‌ಗಳಿದ್ದರು, ಫುಟ್‌ಬಾಲ್ ಆಟಗಾರರಿದ್ದರು, ನಾಟಕದಲ್ಲಿ ದುರ್ಯೋಧನನಾಗುತ್ತಿದ್ದವರೂ ಇದ್ದರು. ಅಜ್ಜಿ ಹಾಲಮ್ಮನ ಬಗ್ಗೆ ಅವಳು ಬರೆದುಕೊಟ್ಟಿದ್ದ ನಾಲ್ಕು ಪುಟ ಎಲ್ಲೂ ಇರಲಿಲ್ಲ. ಅಜ್ಜ-ಅಜ್ಜಿಯ ಒಂದು ಫೋಟೋದ ಕೆಳಗೆ ಮಾತ್ರ ‘ಕಾರ್ಮಿಕ ಓಬಯ್ಯ ಮತ್ತು ಪತ್ನಿ’ ಎಂದಿತ್ತು.

ಹೆಂಗಸರು ಆಸ್ಪತ್ರೆಗೆ ಹೆದರುತ್ತಿದ್ದ ಕಾಲದಲ್ಲಿ ಕೂಲಿಗಳ ಸಾಲುಮನೆಯಲ್ಲೂ ಆಫೀಸರರ ಬಂಗಲೆಯಲ್ಲೂ ಹೆರಿಗೆ ಮಾಡಿಸಿದವಳು ಆ ‘ಪತ್ನಿ’.

ಸಮತಾ ಶಿವಮೊಗ್ಗದ ಬಸ್ಸು ಹತ್ತಿ, ವಿದ್ಯಾನಗರದಲ್ಲಿದ್ದ ಸಂಪಾದಕ ಗಂಗಾಧರಪ್ಪನವರ ಮನೆಗೆ ಹೋದಳು.

“ದಾಖಲೆ ಇಲ್ಲಮ್ಮ. ಕಾರ್ಖಾನೆ ನೌಕರರಾದ್ರೆ ಟೋಕನ್ ನಂಬರ್ ಇರುತ್ತೆ. ಬಾಯಿಮಾತನ್ನ ಹೆಂಗೆ ಹಾಕೋದು?”

“ದುರ್ಯೋಧನನಿಗೆ ಯಾವ ಟೋಕನ್ ಇತ್ತು ಸಾರ್?”

ಅವರು ಕನ್ನಡಕ ಒರೆಸತೊಡಗಿದರು. ಒಳಗಿನಿಂದ ಅವರ ಅಕ್ಕ ಉಮಾಮಹೇಶ್ವರಿ ಬಂದರು.

“ನೀನು ಕಾಲು ಮುಂದಾಗಿ ಬಂದೋನು ಮಾರಾಯ. ಅಪ್ಪ ಆಸೆ ಬಿಟ್ಟಿದ್ರು. ಉಳಿಸಿದ್ದು ಹಾಲಮ್ಮನೇ. ತೊಟ್ಟಿಲಿಗೆ ಹಾಕೋ ದಿನ ಅವ್ರನ್ನ ಹೊರಗಡೆ ಜಗುಲೀಲಿ ಕೂರಿಸಿ ಊಟ ಹಾಕಿದ್ವಿ.”

“ಸಂಚಿಕೆ ಒಳಗೆ ತಿದ್ದುಪಡಿ ಚೀಟಿ ಹಾಕಿಸ್ತೀನಿ” ಎಂದರು ಗಂಗಾಧರಪ್ಪ.

ಶನಿವಾರ ಐನೂರು ಚೀಟಿ ಅಚ್ಚಾಗಿ ಬಂದವು. ‘ಸೂಲಗಿತ್ತಿಯಾಗಿ ಸೇವೆ ಸಲ್ಲಿಸಿದ ಶ್ರೀ ಹಾಲಪ್ಪನವರನ್ನು ಸ್ಮರಿಸುತ್ತೇವೆ.’ ಫೋನ್ ಮಾಡಿದರೆ ಪ್ರೆಸ್ಸಿನವನು, ಇನ್ನು ಟೈಮಿಲ್ಲ ಮೇಡಂ ಎಂದ.

ಸಮತಾ ಹಲ್ಲು ಕಚ್ಚಿಕೊಂಡು ಕಟ್ಟನ್ನು ಮನೆಗೆ ತಂದು, ಒಂದೊಂದನ್ನೇ ಪೆನ್ನಿನಲ್ಲಿ ತಿದ್ದಲು ಕುಳಿತಳು. ತೊಂಬತ್ತು ದಾಟಿದ ಹಾಲಮ್ಮ ಹತ್ತಿರ ಬಂದು ಕೇಳಿದಳು: “ಏನು ಗೀಚ್ತಿದ್ದೀಯೇ?”

“ನಿನ್ನ ಹೆಸರು.”

“ನಂದೊಂದೇನಾ? ನಂಗೆ ಕೈ ಹಿಡಿದು ಕಲಿಸಿದ್ದು ಬಂಗಾರಮ್ಮ. ಸಾಲುಮನೇಲಿ ಕೊನೇ ಸಾಲಿನೋಳು. ಅವಳನ್ನ ಯಾರು ಬರೀತಾರೆ?”

“ಇಷ್ಟು ವರ್ಷ ಯಾಕಜ್ಜಿ ಹೇಳ್ಲಿಲ್ಲ?”

“ನೀನೆಲ್ಲಿ ಕೇಳ್ದೆ?”

ಸಮತಾಳಿಗೆ ಅಳುವಷ್ಟು ಸಿಟ್ಟು ಬಂತು. ಈ ಸಲ ತನ್ನ ಮೇಲೆಯೇ. ಆಗಲೇ ತಿದ್ದಿಟ್ಟಿದ್ದ ಚೀಟಿಗಳನ್ನು ಮತ್ತೆ ಎಳೆದುಕೊಂಡು, ಹಾಲಮ್ಮನ ಪಕ್ಕದಲ್ಲಿ ಬಂಗಾರಮ್ಮನ ಹೆಸರನ್ನೂ ಸೇರಿಸತೊಡಗಿದಳು.

ಭಾನುವಾರ ಬೆಳಿಗ್ಗೆ ಸಂಘದವರು ಚೀಟಿ ಒಯ್ಯಲು ಆಟೋ ತಂದಾಗ ಮುನ್ನೂರು ಚಿಲ್ಲರೆ ತಿದ್ದಿ ಮುಗಿದಿದ್ದವು. ಉಳಿದವು ಶ್ರೀ ಹಾಲಪ್ಪನ ಹೆಸರಿನಲ್ಲೇ ಹಂಚಿಹೋದವು.